ಮಗನ ತಲೆಗೆ ಟೋಪಿ, ನಮಗೂ ಟೋಪಿ

ಹುಬ್ಬಳ್ಳಿ-ಧಾರವಾಡದಲ್ಲಿ ಮಗುವಿಗೆ ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇದೆಯಾ ಅಂತ ತೋರಿಸಲು ಓಡಾಡುತ್ತಿರುವವರು ಇದನ್ನೊಮ್ಮೆ ಓದಿ. ನಮ್ಮದು 40,000 ರೂಪಾಯಿ ಮತ್ತು ಆರು ತಿಂಗಳು ಹೋಯಿತು. ದುಡ್ಡಿಗಿಂತ ಆ ಆರು ತಿಂಗಳದ್ದೇ ಸಂಕಟ.

ಮಗನಿಗೆ ಆಗ ಎರಡೂವರೆ ವರ್ಷ. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ ಪಾಕೀಟು ಚರ್ ಅಂದರೆ ಸಾಕು, ಹಿತ್ತಲಿಂದ ಓಡಿ ಬರುತ್ತಿದ್ದ. ಆಡುತ್ತಿದ್ದ ನಾಲ್ಕೈದು ಮಾತೂ ನಿಂತಿದ್ದವು. "ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ, ಸುಮ್ನಿರವಾ" ಅಂದರು ಅತ್ತೆ. ನಾನು ಸುಮ್ಮನಿರಲಿಲ್ಲ. ಆದರೆ ಹೋಗಿದ್ದು ತಪ್ಪು ಜಾಗಕ್ಕೆ.

ಹುಬ್ಬಳ್ಳಿಯ ಒಂದು ಥೆರಪಿ ಸೆಂಟರ್. ಹೆಸರು ಬೇಡ. ಅಲ್ಲಿ ಮಗನ ಜೊತೆ ಯಾರೂ ಐದು ನಿಮಿಷ ಕೂರಲಿಲ್ಲ, ಮನೆಯಲ್ಲಿ ಹೇಗಿರುತ್ತಾನೆ ಅಂತ ನನ್ನನ್ನೂ ಕೇಳಲಿಲ್ಲ. ಸೀದಾ 'ಬ್ರೈನ್ ಮ್ಯಾಪಿಂಗ್' ಅಂದರು. ಜೆಲ್ ಹಚ್ಚಿ ವೈರುಗಳ ಟೋಪಿ ಹಾಕಿದರು. ಇವನಿಗೆ ತಲೆ ಬಾಚಿದರೇ ಆಗುವುದಿಲ್ಲ. ಚೀರಿ ಚೀರಿ ಬೆವತುಹೋದ. ಅರ್ಧ ಗಂಟೆಗೆ ಕೆಂಪು-ನೀಲಿ ಮೆದುಳಿನ ಚಿತ್ರ ಇರುವ ರಿಪೋರ್ಟ್ ಬಂತು. "ಆಟಿಸಂ. 90 ದಿನದಲ್ಲಿ ನಾರ್ಮಲ್ ಮಾಡ್ತೇವೆ. ಪ್ಯಾಕೇಜ್ 85,000, ಇವತ್ತೇ ಕಟ್ಟಿದ್ರೆ ಹತ್ತು ಸಾವಿರ ಕಡಿಮೆ." ಬಳೆ ಒತ್ತೆ ಇಟ್ಟು ಮುಂಗಡ ಕಟ್ಟಿದೆವು. ರಸೀದಿ ಅಂತ ಕೊಟ್ಟಿದ್ದು ಬಿಳಿ ಚೀಟಿ.

ಥೆರಪಿ ಅಂದರೆ ಆರೇಳು ಮಕ್ಕಳನ್ನು ಟಿವಿ ಮುಂದೆ ಕೂರಿಸುವುದು, ಲೇಬಲ್ಲೇ ಇಲ್ಲದ ಒಂದು ಪುಡಿ ಕೊಡುವುದು. 90 ದಿನ ಮುಗಿದ ಮೇಲೂ "ಇನ್ನೊಂದು ಸ್ವಲ್ಪ" ಅಂತ ಎಳೆದರು. ಕೊನೆಗೆ ಗದಗಿನಿಂದ ಬಂದ ನನ್ನ ತಮ್ಮ ರಿಪೋರ್ಟ್ ಪೂರ್ತಿ ಓದಿದ. ಎರಡನೇ ಪುಟದಲ್ಲಿ ನನ್ನ ಮಗ 'ಶೀ' ಆಗಿದ್ದ, ವಯಸ್ಸು ಐದು! ಬೇರೆ ಯಾವುದೋ ಮಗುವಿನ ರಿಪೋರ್ಟಿಗೆ ಇವನ ಹೆಸರು ಅಂಟಿಸಿದ್ದರು. ನಾವು ಚಿತ್ರ ನೋಡುತ್ತಾ ಕೂತಿದ್ದೆವು.

ಆಮೇಲೆ ಚಿಗರಿ ಬಸ್ ಹತ್ತಿ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಮೊದಲು ಬೆರಾ, ಅಂದರೆ ಕಿವಿ ಪರೀಕ್ಷೆ. ಕಿವಿ ಕೇಳದಿದ್ದರೂ ಮಾತು ತಡವಾಗುತ್ತದೆ ಅಲ್ವಾ. ಅದಕ್ಕೆ ಮಗು ನಿದ್ದೆಯಲ್ಲಿರಬೇಕು, ಹಿಂದಿನ ರಾತ್ರಿ ಅವನನ್ನು ಎಚ್ಚರ ಇಡಲು ನಾವಿಬ್ಬರೂ ಪಾಳಿ ಮೇಲೆ ಕೂತೆವು. ಇನ್ನೊಂದು ದಿನ ಸೈಕಾಲಜಿಸ್ಟ್ ನೆಲದ ಮೇಲೆ ಕೂತು ಸೋಪಿನ ಗುಳ್ಳೆ ಊದಿದರು. ಇವನು ಗುಳ್ಳೆ ನೋಡಿ ನಕ್ಕ, ಊದಿದವರ ಮುಖ ನೋಡಲಿಲ್ಲ. ಅದನ್ನೇ ಬರೆದುಕೊಂಡರು. ಬಸುರಿದ್ದಾಗಿನಿಂದ ಹಿಡಿದು ಎಲ್ಲ ಕೇಳಿದರು. ಆಟಿಸಂ ಅಳೆಯುವ 'ಇಸಾ' ಅನ್ನುವ ಪಟ್ಟಿಯಲ್ಲಿ 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಅಥವಾ ಮೇಲೆ ಬಂದರೆ ಆಟಿಸಂ. ಅದನ್ನು ಪತ್ತೆ ಮಾಡುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಫಿಟ್ಸ್ ಅನುಮಾನ ಇದ್ದರೆ ತಲೆಗೆ ವೈರು ಹಚ್ಚಿ ಮೆದುಳಿನ ವಿದ್ಯುತ್ ಸಂಕೇತ ನೋಡುವ ಇಇಜಿ ಮಾಡಿಸುತ್ತಾರೆ, ಅದು ಬೇರೆ ಮಾತು.

ಅಲ್ಲೂ ಬಂದಿದ್ದು ಆಟಿಸಂ ಅಂತಲೇ. ಹಾಗಾದರೆ ಮೋಸ ಏನು ಅಂತೀರಾ? ಈ ರಿಪೋರ್ಟಿನಲ್ಲಿ ನನ್ನ ಮಗ ಇದ್ದಾನೆ. ಏನು ಬರುತ್ತದೆ, ಏನು ಬರಲ್ಲ, ಮನೆಯಲ್ಲಿ ಏನು ಆಡಿಸಬೇಕು ಅಂತ ಬರೆದಿದೆ.

ದಿನ ಎಣಿಸಿ ಗುಣ ಮಾಡ್ತೇವೆ ಅಂದವರ ಹತ್ತಿರ ಕೂರಲೇಬೇಡಿ. ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಯಾರೇ ಇರಲಿ, ಇಂಥವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಮಂಡಳಿಯ ಆರ್‌ಸಿಐ ನಂಬರ್ ಕೇಳಿ. ಹುಬ್ಬಳ್ಳಿ ಸೆಂಟರಿನಲ್ಲಿ ನಾನು ಕೇಳಿದ್ದಕ್ಕೆ "ನಂಬಿಕೆ ಇಲ್ವಾ ಮೇಡಂ?" ಅಂದಿದ್ದರು. ಆಗಲೇ ಎದ್ದು ಬರಬೇಕಿತ್ತು.

ಮುಂಗಡ ಇನ್ನೂ ವಾಪಸ್ ಬಂದಿಲ್ಲ. ಹೋದ ವಾರ ಆ ಸೆಂಟರಿನವರೇ ಫೋನ್ ಮಾಡಿದ್ದರು. ಹೊಸ ಬ್ಯಾಚ್ ಶುರುವಂತೆ, ಹಳೇ ಗಿರಾಕಿಗಳಿಗೆ ರಿಯಾಯಿತಿ ಇದೆಯಂತೆ.