ಆಂಟಿವೈರಸ್ ಆಫ್ ಮಾಡಿ ಅಂದರೆ ಅಲ್ಲಿಗೇ ನಿಲ್ಲಿಸಿ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ನಾನು, ನನ್ನ ಯಜಮಾನರು ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದೇವೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸ್ ಡಿಸೈನು, ಕೈಲಾಸ ಸಮಾರಾಧನೆ ಪತ್ರ, ಎಲ್ಲವೂ ಎರಡು ಕಂಪ್ಯೂಟರಿನಲ್ಲಿ. ಹೋದ ವರ್ಷ ಮದುವೆ ಸೀಸನ್ನಿನಲ್ಲಿ ಒಂದು ಸಂಜೆ, ಮುಕ್ಕಾಲು ಗಂಟೆಯ ಒಳಗೆ, ಅದರಲ್ಲಿ ದೊಡ್ಡ ಕಂಪ್ಯೂಟರಿನಲ್ಲಿದ್ದ ಅಷ್ಟೂ ಕೆಲಸ ಕೈತಪ್ಪಿತು. ಕಳ್ಳ ಬಾಗಿಲು ಒಡೆದು ಬಂದಿರಲಿಲ್ಲ. ಬಾಗಿಲು ತೆಗೆದವಳು ನಾನೇ. ನಮ್ಮಂಥ ಅಂಗಡಿಗಳವರು, ಮನೆಯಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಒಬ್ಬ ಗಿರಾಕಿ ತಂದೆಯ ಹಳೆಯ ಫೋಟೋ ತಂದಿದ್ದರು. ಸ್ಟಾಂಪ್ ಗಾತ್ರದ್ದು, ಮಸುಕಾಗಿತ್ತು. ಅದನ್ನು ಫ್ಲೆಕ್ಸಿಗೆ ಹಾಕಬೇಕು, ಬೆಳಿಗ್ಗೆಯೇ ಬೇಕು. ಫೋಟೋವನ್ನು ಸ್ಪಷ್ಟವಾಗಿ ದೊಡ್ಡದು ಮಾಡುವ ಒಂದು ಸಾಫ್ಟ್‌ವೇರ್ ಇದೆ ಎಂದು ಕೇಳಿದ್ದೆ. ಬೆಲೆ ನೋಡಿದರೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ವಿಡಿಯೋ ಹುಡುಕಿದೆ. ಒಬ್ಬ ಹುಡುಗ ಅದರ ಕ್ರ್ಯಾಕನ್ನು, ಅಂದರೆ ದುಡ್ಡು ಕೊಡದೆ ಓಡುವಂತೆ ಬೀಗ ಒಡೆದ ಪ್ರತಿಯನ್ನು, ಪುಕ್ಕಟೆ ಹಾಕಿಕೊಳ್ಳುವುದು ಹೇಗೆ ಎಂದು ತೋರಿಸುತ್ತಿದ್ದ. ಕೆಳಗೆ ಲಿಂಕ್. ಅದರ ಕೆಳಗೆ ನೂರಾರು ಜನ 'ಕೆಲಸ ಮಾಡ್ತಿದೆ, ಥ್ಯಾಂಕ್ಸ್' ಎಂದು ಬರೆದಿದ್ದರು. ಅಂಥ ಕಾಮೆಂಟುಗಳನ್ನೂ ವಿಡಿಯೋ ಹಾಕಿದವರೇ ತುಂಬಿಸಿರಬಹುದು ಎಂದು ನನಗೆ ಆಗ ಹೊಳೆಯಲಿಲ್ಲ.

ಇಳಿದಿದ್ದು ಒಂದು ಜಿಪ್ ಫೈಲು. ತೆಗೆಯಲು ಪಾಸ್‌ವರ್ಡ್ ಕೇಳಿತು, 1234. ಪುಕ್ಕಟೆ ಕೊಡುವ ಫೈಲಿಗೆ ಪಾಸ್‌ವರ್ಡ್ ಯಾಕೆ ಅಂತ ಯೋಚನೆ ಬರಬೇಕಿತ್ತು. ಬೀಗ ಹಾಕಿದ ಜಿಪ್ಪಿನೊಳಗೆ ಏನಿದೆ ಎಂದು ಆಂಟಿವೈರಸ್ಸಿಗೆ ಕಾಣುವುದಿಲ್ಲ. ಪಾಸ್‌ವರ್ಡ್ ಹಾಕುವುದು ಅದಕ್ಕೇ. ಕೆಲವರು ಒಳಗಿನ ಫೈಲಿಗೆ ಸುಮ್ನೆ ಸೊನ್ನೆಗಳನ್ನು ತುಂಬಿ ನೂರಾರು ಎಂಬಿಗೆ ಉಬ್ಬಿಸುತ್ತಾರಂತೆ. ಬಹಳ ದೊಡ್ಡ ಫೈಲನ್ನು ಎಷ್ಟೋ ಆಂಟಿವೈರಸ್‌ಗಳು ಪರೀಕ್ಷಿಸದೆ ಬಿಟ್ಟುಬಿಡುತ್ತವೆ.

ಹೊರಗೆ ತೆಗೆದ ತಕ್ಷಣ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್, ಡಿಫೆಂಡರ್, ಅದನ್ನು ಹಿಡಿಯಿತು. ಕೆಂಪು ಅಕ್ಷರದಲ್ಲಿ ಅಪಾಯ ಎಂದೂ ತೋರಿಸಿತು. ಆದರೆ ವಿಡಿಯೋದ ಹುಡುಗ ಮೊದಲೇ ಹೇಳಿಟ್ಟಿದ್ದ: 'ಇದು ಕ್ರ್ಯಾಕ್ ಆದ್ದರಿಂದ ಆಂಟಿವೈರಸ್ ಸುಳ್ಳೇ ಹೇಳುತ್ತೆ, ಐದು ನಿಮಿಷ ಆಫ್ ಮಾಡಿ.' ನಾನು ಆಫ್ ಮಾಡಿದೆ.

ನಮ್ಮ ಲೈನಿನಲ್ಲಿ ಇರುವವರಿಗೆಲ್ಲ ಈ ಮಾತು ಅಭ್ಯಾಸವಾಗಿದೆ, ಅಲ್ವಾ? ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಕೂಗುತ್ತದೆ, ಆಫ್ ಮಾಡಬೇಕು, ಆಮೇಲೆ ಆನ್ ಮಾಡಬೇಕು. ವರ್ಷಗಳಿಂದ ಹೀಗೇ ಮಾಡಿದ್ದೇವೆ, ಏನೂ ಆಗಿಲ್ಲ. ಆ 'ಏನೂ ಆಗಿಲ್ಲ' ಎನ್ನುವುದನ್ನೇ ಈ ಕಳ್ಳರು ಬಳಸಿಕೊಳ್ಳುವುದು. ಕಾವಲು ನಾಯಿ ಬೊಗಳುತ್ತಲೇ ಇರುತ್ತದೆ, ಅದಕ್ಕೆ ಬೆಲೆ ಕೊಡಬೇಡ ಎಂದು ನಮಗೆ ಕಲಿಸಿಬಿಟ್ಟಿದ್ದಾರೆ. ನಿಜವಾದ ಕಳ್ಳ ಬಂದ ದಿನ ನಾವೇ ನಾಯಿಯನ್ನು ಕಟ್ಟಿಹಾಕುತ್ತೇವೆ.

ಡಬಲ್ ಕ್ಲಿಕ್ ಮಾಡಿದೆ. ಸಾಫ್ಟ್‌ವೇರ್ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿ ಬಂತು. ಸಿಪಿಯು ಫ್ಯಾನ್ ಜೋರಾಗಿ ತಿರುಗತೊಡಗಿತು. ಅಪ್‌ಡೇಟ್ ಅಲ್ವಾ ಎಂದು ಬಿಟ್ಟು, ಅಂಗಡಿ ಹುಡುಗನಿಗೆ ಹೇಳಿ ಮನೆಗೆ ಹೋಗಿ ಒಲೆ ಹಚ್ಚಿದೆ. ಆ ಕಿಟಕಿ ನಕಲಿ. ಫ್ಯಾನ್ ಸದ್ದು ಬಂದರೆ ಅನುಮಾನ ಬರಬಾರದು ಎಂದು ಅದನ್ನು ತೋರಿಸುತ್ತದೆ. ಆ ಹೊತ್ತಿನಲ್ಲಿ ಹಿಂದೆ ಒಂದೊಂದೇ ಫೈಲಿಗೆ ಬೀಗ ಬೀಳುತ್ತಿತ್ತು.

ಹುಡುಗ ಫೋನ್ ಮಾಡಿದ. 'ಅಕ್ಕಾ, ಲಗ್ನಪತ್ರಿಕೆ ಫೈಲು ಯಾವುದೂ ತೆರೀತಿಲ್ಲ. ಎಲ್ಲದರ ಹೆಸರಿನ ಕೊನೆಗೆ ಏನೋ ನಾಲ್ಕು ಅಕ್ಷರ ಸೇರ್ಕೊಂಡಿದೆ.'

ಓಡಿ ಬಂದೆ. ಐಕಾನ್‌ಗಳೆಲ್ಲ ಬಿಳಿ ಹಾಳೆಯಂತಾಗಿದ್ದವು. ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಎಂಬ ಒಂದು ಚೀಟಿ. ಅದರಲ್ಲಿ ನಯವಾದ ಮಾತು: ಚಿಂತೆ ಮಾಡಬೇಡಿ, ಫೈಲುಗಳು ವಾಪಸ್ ಸಿಗುತ್ತವೆ, 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ, 490ಕ್ಕೆ. ಅಂದರೆ ನಲವತ್ತು ಸಾವಿರ ರೂಪಾಯಿಗೂ ಜಾಸ್ತಿ. ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ನಮಗೆ ಬಡಿದ ತಳಿಯ ಹೆಸರು ಸ್ಟಾಪ್, ಡಿಜೆವಿಯು ಎಂದೂ ಕರೆಯುತ್ತಾರೆ. ಇದು ದೊಡ್ಡ ಕಂಪನಿಗಳನ್ನು ಹುಡುಕಿಕೊಂಡು ಹೋಗುವುದಲ್ಲ. ಕ್ರ್ಯಾಕ್, ನಕಲಿ ಕೀ ಹುಟ್ಟಿಸುವ ಕೀಜೆನ್, ದುಡ್ಡು ಕೊಡದೆ ವಿಂಡೋಸ್ ಓಡಿಸುವ ಆಕ್ಟಿವೇಟರ್ ಹುಡುಕುವ ನಮ್ಮ ನಿಮ್ಮಂಥವರಿಗೆ ಅಂತಲೇ ಒಡ್ಡಿದ ಬಲೆ.

ಬ್ಯಾಕಪ್ ಇರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ದಿನಾ ಸಂಜೆ ಕಾಪಿ ಮಾಡುತ್ತಿದ್ದೆವು. ಅದನ್ನು ಕಳಚುವ ತೊಂದರೆ ಬೇಡ ಎಂದು ಯಾವಾಗಲೂ ಚುಚ್ಚಿಯೇ ಇಟ್ಟಿದ್ದೆವು. ಕಂಪ್ಯೂಟರಿಗೆ ಅದು ಇನ್ನೊಂದು ಡ್ರೈವ್ ಅಷ್ಟೆ. ವೈರಸ್ಸಿಗೂ ಹಾಗೇ. ಅದರಲ್ಲಿದ್ದ ಎಂಟು ವರ್ಷದ ಕೆಲಸಕ್ಕೂ ಅದೇ ನಾಲ್ಕು ಅಕ್ಷರ ಅಂಟಿಕೊಂಡಿತು. ವಿಂಡೋಸ್ ತಾನಾಗಿಯೇ ಉಳಿಸಿಕೊಳ್ಳುವ ಹಳೆಯ ಪ್ರತಿಗಳನ್ನೂ ಅದು ಅಳಿಸಿಹಾಕಿತ್ತು.

ಈಗ ನನಗೆ ಅತಿ ನೋವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಂಗಡಿಗೆ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಾರೆ. ವಯಸ್ಸು ಎಪ್ಪತ್ತೆಂಟು. ಸುತ್ತಲ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ಹಾಡುವ ಸೋಬಾನೆ ಪದಗಳನ್ನು ವರ್ಷಾನುಗಟ್ಟಲೆ ಕೂಡಿಹಾಕಿದ್ದಾರೆ. ಮೊದಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕೈ ನಡುಕ ಬಂದ ಮೇಲೆ ಸಣ್ಣ ವಾಯ್ಸ್ ರೆಕಾರ್ಡರ್ ಹಿಡಿದು ಹೋಗತೊಡಗಿದರು. 'ನೀನೇ ಕೇಳಿಕೊಂಡು ಟೈಪ್ ಮಾಡಮ್ಮ' ಎಂದು ರೆಕಾರ್ಡರ್ ಕೊಟ್ಟರು. ಒಟ್ಟು 71 ರೆಕಾರ್ಡಿಂಗ್. ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಮೆಮೊರಿ ತುಂಬಿದೆ ಎಂದರು, ರೆಕಾರ್ಡರನ್ನು ನನ್ನ ಕೈಯಾರೆ ಖಾಲಿ ಮಾಡಿಕೊಟ್ಟೆ. ಆ ಹಾಡುಗಳಿಗೆ ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಹಾಡಿದವರಲ್ಲಿ ಹಲವರು ಈಗ ಇಲ್ಲ.

ಮೂರನೇ ದಿನ ಇನ್ನೊಂದು ಪೆಟ್ಟು. ಅಂಗಡಿಯ ಫೇಸ್‌ಬುಕ್ ಪೇಜಿನಲ್ಲಿ ನಾವು ಹಾಕದ ಜಾಹೀರಾತುಗಳು. ಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು. ಒಟಿಪಿ ಇಲ್ಲದೆ ಯಾರೂ ಒಳಗೆ ಬರಲಾಗದು ಎಂದು ನಂಬಿದ್ದೆ, ನನಗೆ ಒಂದು ಒಟಿಪಿಯೂ ಬಂದಿರಲಿಲ್ಲ. ಆಮೇಲೆ ತಿಳಿಯಿತು. ಈ ತಳಿಯ ಜೊತೆಗೆ ಇನ್ನೊಂದು ಕಳ್ಳ ಪ್ರೋಗ್ರಾಮ್ ಬರುವುದುಂಟು. ಅದು ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ಕಳಿಸಿಬಿಡುತ್ತದೆ. ನಾವು ಒಮ್ಮೆ ಲಾಗಿನ್ ಆದಮೇಲೆ ಮತ್ತೆ ಮತ್ತೆ ಕೇಳದಿರಲು ಬ್ರೌಸರ್ ಒಂದು ಗುರುತಿನ ಚೀಟಿ ಇಟ್ಟುಕೊಂಡಿರುತ್ತದೆ. ಆ ಚೀಟಿಯೇ ಕುಕೀ. ಅದು ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ವೈರಸ್ ಹೊಕ್ಕಿದೆ ಎಂದು ಗೊತ್ತಾದ ಗಂಟೆಯಲ್ಲೇ, ಅದೇ ಕಂಪ್ಯೂಟರಿನಿಂದ ಅಲ್ಲ, ಬೇರೆ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ. ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. 'ಎಲ್ಲ ಸಾಧನಗಳಿಂದ ಲಾಗ್ ಔಟ್' ಎಂಬುದನ್ನು ಮರೆಯದೆ ಒತ್ತಿ. ಹಾಗೆ ಮಾಡಿದರೆ ಕದ್ದ ಚೀಟಿ ರದ್ದಾಗುತ್ತದೆ. ನಾನು ಫೈಲುಗಳ ಗೋಳಿನಲ್ಲಿ ಇದನ್ನು ಮಾಡದೆ ಮೂರು ದಿನ ಕಳೆದೆ.

ಇಷ್ಟರಲ್ಲಿ ಬೆಂಗಳೂರಿನ ಒಬ್ಬ 'ಡೇಟಾ ರಿಕವರಿ'ಯವನ ಫೋನ್ ನಂಬರ್ ಯಾರೋ ಕೊಟ್ಟರು. ಗ್ಯಾರಂಟಿ ಬಿಡಿಸಿಕೊಡ್ತೀನಿ ಮೇಡಂ, ಅರ್ಧ ಅಡ್ವಾನ್ಸ್ ಹಾಕಿ ಎಂದ. ಹೇಗೆ ಬಿಡಿಸುತ್ತೀರಿ ಎಂದರೆ ಅದು ನಮ್ಮ ಸೀಕ್ರೆಟ್ ಎಂದ. ಯಜಮಾನರು ತಡೆದರು. ದೇವರು ದೊಡ್ಡವನು. ಇಂಥವರಲ್ಲಿ ಕೆಲವರು ದುಡ್ಡು ತಗೊಂಡು ಮಾಯವಾಗುತ್ತಾರೆ, ಇನ್ನು ಕೆಲವರು ಆ ಕಳ್ಳರಿಗೇ ಕಡಿಮೆ ದುಡ್ಡು ಕಟ್ಟಿ ನಮ್ಮಿಂದ ಜಾಸ್ತಿ ಕೀಳುತ್ತಾರೆ.

ನಮಗೆ ನಿಜವಾಗಿ ಸಹಾಯ ಮಾಡಿದ್ದು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹುಡುಗ. ಅವನು ಮೊದಲು ಹೇಳಿದ್ದು: 'ಅಕ್ಕ, ಫಾರ್ಮ್ಯಾಟ್ ಮಾಡಿಬಿಡಬೇಡಿ. ಬೀಗ ಬಿದ್ದ ಫೈಲುಗಳೂ, ಆ ಚೀಟಿಯೂ ಹಾಗೇ ಇರಲಿ.' 'ನೋ ಮೋರ್ ರ‍್ಯಾನ್ಸಮ್' ಎಂಬ ಒಂದು ತಾಣ ಇದೆ. 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು, ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಬೀಗ ಬಿದ್ದ ಫೈಲನ್ನು ಅಲ್ಲಿ ಕೊಟ್ಟರೆ ಯಾವ ತಳಿ, ಕೀಲಿಕೈ ಇದೆಯೇ ಎಂದು ಹೇಳುತ್ತದೆ. ದುಡ್ಡು ಕೇಳುವುದಿಲ್ಲ. ಸ್ಟಾಪ್ ತಳಿಗೆ ಎಮ್ಸಿಸಾಫ್ಟ್ ಎಂಬ ಕಂಪನಿ 2019ರ ಅಕ್ಟೋಬರಿನಲ್ಲಿ ಪುಕ್ಕಟೆ ಬೀಗ ತೆಗೆಯುವ ಸಾಧನ ಕೊಟ್ಟಿತು. ಆದರೆ ಅದಕ್ಕೆ ಸ್ವಲ್ಪ ಮೊದಲಿನಿಂದ ಬರುತ್ತಿರುವ ಹೊಸ ರೂಪಗಳಿಗೆ ಅದು ಎಲ್ಲ ಸಲವೂ ಆಗುವುದಿಲ್ಲ. ವೈರಸ್ ಓಡುವಾಗ ಇಂಟರ್‌ನೆಟ್ ಸಿಕ್ಕಿ ಕಳ್ಳರ ಸರ್ವರಿನಿಂದ ಕೀಲಿ ತಂದಿದ್ದರೆ ಆ ಕೀಲಿ ನಮ್ಮ ಕಂಪ್ಯೂಟರಿಗೆ ಮಾತ್ರ ಸೇರಿದ್ದು, ಅವರ ಬಳಿ ಮಾತ್ರ ಇರುತ್ತದೆ. ಸರ್ವರ್ ಸಿಗದಿದ್ದರೆ ಎಲ್ಲರಿಗೂ ಒಂದೇ ಕೀಲಿ ಬಳಸುತ್ತದೆ, ಅದು ಮುಂದೆಂದಾದರೂ ಸಿಗಬಹುದು. ಚೀಟಿಯಲ್ಲಿರುವ ಗುರುತಿನ ಸಂಖ್ಯೆ 'ಟಿ1' ಎಂದು ಮುಗಿದರೆ ಆಸೆ ಇಟ್ಟುಕೊಳ್ಳಬಹುದು. ನಮ್ಮದು ಹಾಗೆ ಮುಗಿಯಲಿಲ್ಲ.

ಗಿರಾಕಿಗಳ ಕೆಲಸ ಒಂದಷ್ಟು ಬೇರೆ ದಾರಿಯಲ್ಲಿ ಬಂತು. ಪ್ರೂಫ್ ನೋಡಲು ವಾಟ್ಸಾಪಿನಲ್ಲಿ ಕಳಿಸಿದ್ದ ಪಿಡಿಎಫ್‌ಗಳು ಸಿಕ್ಕವು. ಒಂದು ಫೋಲ್ಡರ್ ಗೂಗಲ್ ಡ್ರೈವಿಗೆ ತಾನಾಗಿ ಹೋಗುತ್ತಿತ್ತು. ಅಲ್ಲಿಗೂ ಬೀಗ ಬಿದ್ದ ಪ್ರತಿಗಳೇ ಹೋಗಿದ್ದವು. ಆದರೆ ಡ್ರೈವಿನಲ್ಲಿ ಹಳೆಯ ಪ್ರತಿ 30 ದಿನ ಉಳಿದಿರುತ್ತದೆ, ಅಳಿಸಿದ್ದೂ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ನಮಗೆ ಇದು ಹನ್ನೊಂದನೇ ದಿನ ಗೊತ್ತಾಯಿತು. ಒಂದೊಂದನ್ನೇ ಹಿಂದಕ್ಕೆ ತಂದೆವು. ಉಳಿದ ಲಗ್ನಪತ್ರಿಕೆಗಳನ್ನು ರಾತ್ರಿ ಎರಡರವರೆಗೆ ಕೂತು ಮತ್ತೆ ಟೈಪ್ ಮಾಡಿದೆವು.

ಪೊಲೀಸರಿಗೆ ದೂರು ಕೊಡಿ. ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆ ಇದೆ. ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ಒಂದು ನಿಮಿಷವೂ ಕಾಯದೆ 1930ಕ್ಕೆ ಫೋನ್ ಮಾಡಿ.

ಈಗ ನಾವು ಮಾಡಿಕೊಂಡಿರುವುದನ್ನು ಹೇಳುತ್ತೇನೆ. ಎರಡು ಹಾರ್ಡ್ ಡಿಸ್ಕ್. ಕಾಪಿ ಆದ ಕೂಡಲೇ ಕಳಚುತ್ತೇವೆ. ಒಂದು ಅಂಗಡಿಯ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ. ಎರಡನ್ನೂ ಒಟ್ಟಿಗೆ ಎಂದೂ ಚುಚ್ಚುವುದಿಲ್ಲ. ಇದೊಂದನ್ನು ಮಾಡಿದರೂ ಸಾಕು, ಆ ಚೀಟಿ ಬಂದ ದಿನ ನೀವು ಅಳಬೇಕಾಗಿಲ್ಲ. ದಿನದ ಕೆಲಸಕ್ಕೆ ಕಂಪ್ಯೂಟರಿನ ಮೇಲೆ ಪೂರ್ತಿ ಅಧಿಕಾರ ಇಲ್ಲದ, ಅಂದರೆ ಅಡ್ಮಿನ್ ಅಲ್ಲದ, ಬೇರೆ ಯೂಸರ್ ಮಾಡಿಕೊಂಡಿದ್ದೇವೆ. ಡಿಫೆಂಡರಿನೊಳಗೇ ರ‍್ಯಾನ್ಸಮ್‌ವೇರ್ ತಡೆಯುವ ಒಂದು ಸೆಟ್ಟಿಂಗ್ ಇದೆ, 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂದು. ಮೊದಲಿನಿಂದ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಅದು ಗುರುತಿಲ್ಲದ ಪ್ರೋಗ್ರಾಮ್ ನಮ್ಮ ಫೋಲ್ಡರಿಗೆ ಕೈ ಹಾಕದಂತೆ ತಡೆಯುತ್ತದೆ. ಒಮ್ಮೊಮ್ಮೆ ನಮ್ಮದೇ ಸಾಫ್ಟ್‌ವೇರನ್ನೂ ತಡೆಯುತ್ತದೆ, ಆಗ ಅದಕ್ಕೆ ಅನುಮತಿ ಕೊಟ್ಟರಾಯಿತು. ಫೈಲ್ ಹೆಸರಿನ ಕೊನೆಯ ಅಕ್ಷರಗಳು ಕಾಣುವಂತೆ ಸೆಟ್ ಮಾಡಿದ್ದೇವೆ. ಮ್ಯಾಟರ್ ಎಂದು ಮೇಲ್‌ನಲ್ಲಿ ಬರುವ ಫೈಲು ಪಿಡಿಎಫ್ ತರ ಕಂಡರೂ ಕೊನೆಯಲ್ಲಿ ಇಎಕ್ಸ್‌ಇ ಇದ್ದರೆ ಅದು ಪ್ರೋಗ್ರಾಮ್, ಮುಟ್ಟುವುದಿಲ್ಲ. ಹಳೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು, ಹಾಗಾಗಿ ಒಂದು ಕಂಪ್ಯೂಟರ್ ಬದಲಾಯಿಸಿದೆವು.

ಕ್ರ್ಯಾಕ್ ಪೂರ್ತಿ ಬಿಟ್ಟೆವು. ದುಡ್ಡು ಎಲ್ಲಿಂದ ತರೋಣ ಎಂದು ಕೇಳುವವರಿಗೆ ನನ್ನ ಮಾತು: ಕನ್ನಡ ಟೈಪಿಂಗಿಗೆ ನುಡಿ ಪುಕ್ಕಟೆ, ಪತ್ರ ಲೆಕ್ಕಗಳಿಗೆ ಲಿಬ್ರೆ ಆಫೀಸ್ ಪುಕ್ಕಟೆ. ಫೋಟೋ ತಿದ್ದುವ ಜಿಂಪ್, ಡಿಸೈನ್ ಮಾಡುವ ಇಂಕ್‌ಸ್ಕೇಪ್ ಕೂಡ ಪುಕ್ಕಟೆ, ಎರಡರಲ್ಲೂ ಯೂನಿಕೋಡ್ ಕನ್ನಡ ಬರುತ್ತದೆ. ಕೈ ಕೂರಲು ಎರಡು ತಿಂಗಳು ಬೇಕು, ಬೇಸರವಾಗುತ್ತದೆ, ನಿಜ. ಗಿರಾಕಿ ತಿದ್ದಲು ಬರುವ ಓಪನ್ ಫೈಲನ್ನೇ ಬೇರೆ ಸಾಫ್ಟ್‌ವೇರಿನಲ್ಲಿ ಕೇಳಿದರೆ ಕಷ್ಟವೂ ಆಗುತ್ತದೆ. ಆದರೂ ನಾನು ಹಿಂದಕ್ಕೆ ಹೋಗುವುದಿಲ್ಲ.

ಮೇಷ್ಟ್ರಿಗೆ ವಿಷಯ ಹೇಳಲು ನನಗೆ ಒಂದು ವಾರ ಬೇಕಾಯಿತು. ಅವರು ಬೈಯಲಿಲ್ಲ. 'ಹೋಗಲಿ ಬಿಡಮ್ಮ' ಎಂದು ಸುಮ್ಮನೆ ಕೂತರು. ಬೈದಿದ್ದರೆ ಹಗುರವಾಗುತ್ತಿತ್ತು.

ತುಮಕೂರಿನ ಹುಡುಗ ಒಂದು ವಿಷಯ ಪತ್ತೆ ಮಾಡಿದ. ಈ ತಳಿ ಬೇಗ ಬೇಗ ಕೆಲಸ ಮುಗಿಸಲು ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ. ಪುಟ್ಟ ಟೈಪಿಂಗ್ ಫೈಲಾದರೆ ಅಷ್ಟರಲ್ಲೇ ಪೂರ್ತಿ ಮುಗಿಯಿತು. ಆದರೆ ಎಂಪಿ3 ಹಾಡು ದೊಡ್ಡದು, ಮುಂಭಾಗ ಕತ್ತರಿಸಿದರೂ ಉಳಿದದ್ದು ಓಡುತ್ತದೆ. ಒಂದೊಂದಾಗಿ ಕತ್ತರಿಸಿದೆವು. 71 ಹಾಡೂ ಓಡಿದವು. ಅಂಗಡಿಯಲ್ಲಿ ನಾನು, ಯಜಮಾನರು ಇಬ್ಬರೂ ಅತ್ತೆವು.

ಹೋದದ್ದು ಪ್ರತಿಯೊಂದರ ಮೊದಲ ಹತ್ತು ಸೆಕೆಂಡು. ಮೇಷ್ಟ್ರು ರೆಕಾರ್ಡರ್ ಆನ್ ಮಾಡಿದ ತಕ್ಷಣ ಕೇಳುತ್ತಿದ್ದುದು ಒಂದೇ ಪ್ರಶ್ನೆ, 'ನಿಮ್ಮ ಹೆಸರು, ಊರು ಹೇಳಿ ತಾಯಿ'. ಆ ಉತ್ತರ ಇದ್ದುದು ಆ ಹತ್ತು ಸೆಕೆಂಡಿನಲ್ಲೇ.

ಈಗ ವಾರಕ್ಕೆರಡು ದಿನ ಅವರು ಅಂಗಡಿಗೆ ಬರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ದನಿಯಿಂದಲೇ ಹಾಡಿದವರು ಯಾರೆಂದು ನೆನಪು ಮಾಡಿಕೊಳ್ಳುತ್ತಾರೆ. ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ಇವತ್ತಿಗೆ 58 ಹೆಸರು ಸಿಕ್ಕಿವೆ. ಇನ್ನು ಹದಿಮೂರು ಬಾಕಿ.