ಅಲಸಂಡೆ ಬಳ್ಳಿಯ ಸೋಮವಾರಗಳು: ಉಡುಪಿಯ ಒಂದು ಶಿಶುವಿಹಾರದ ಬಗ್ಗೆ

ಉಡುಪಿ, ಮಣಿಪಾಲದ ಸುತ್ತ ಮಕ್ಕಳನ್ನು ಎಲ್‌ಕೆಜಿಗೆ ಸೇರಿಸಬೇಕೆಂದಿರುವ ಹೆತ್ತವರು ಮಳೆಗಾಲಕ್ಕೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಹಿಡಿದು ಓಡಾಡಲು ತೊಡಗುತ್ತಾರೆ. ಆಗ ಅವರ ಕಣ್ಣಿಗೆ ಬೀಳುವುದು ಬಣ್ಣ ಬಳಿದ ಗೋಡೆ, ಜಾರುಬಂಡಿ, ವಾರ್ಷಿಕೋತ್ಸವದ ಫೋಟೊಗಳು ಮತ್ತು ಯೂನಿಫಾರ್ಮಿನ ಅಂದ. ಶಿಶುವಿಹಾರವನ್ನು ಅಳೆಯಬೇಕಾದದ್ದು ಅದರ ಯಾವ ವಿಶೇಷವೂ ಇಲ್ಲದ ಒಂದು ವಾರದಿಂದ ಎಂದು ನಾನು ನಂಬಿದ್ದೇನೆ. ಈ ಬರಹ ನನ್ನ ಮಗ ಯುಕೆಜಿ ಓದುತ್ತಿರುವ, ಉಡುಪಿ ನಗರದ ಹೊರವಲಯದಲ್ಲಿ ಗದ್ದೆಯ ಅಂಚಿಗಿರುವ ಒಂದು ಸಣ್ಣ ಶಿಶುವಿಹಾರದ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ವಾರಗಳನ್ನು ಕುರಿತದ್ದು. ಪುಟ್ಟ ಮಕ್ಕಳ ಮಾತು, ಕೆಲಸಗಳ ವಿವರ ಇದರಲ್ಲಿ ಬರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಇಲ್ಲಿ ಹೆತ್ತವರು ಸರದಿಯ ಮೇಲೆ ತರಗತಿಯಲ್ಲಿ ಕುಳಿತು ನೋಡಬಹುದು, ಕೈಲಾದ ಸಹಾಯವನ್ನೂ ಮಾಡಬಹುದು. ಇಂಥ ಅವಕಾಶ ಕೊಡುವ ಶಾಲೆಗಳು ನಮ್ಮಲ್ಲಿ ಹೆಚ್ಚಿಲ್ಲ. ಗೇಟಿನ ಹೊರಗೆ ಮಗುವನ್ನು ಒಪ್ಪಿಸಿ ಹೊರಡುವುದೇ ವಾಡಿಕೆ. ಎರಡು ಕೋಣೆಗಳಿವೆ, ಪ್ರತಿ ಕೋಣೆಗೂ ಒಬ್ಬರು ಟೀಚರ್ ಮತ್ತು ಒಬ್ಬರು ಆಯಾ ಇದ್ದಾರೆ, ಮಕ್ಕಳ ಸಂಖ್ಯೆ ಇಪ್ಪತ್ತನ್ನು ದಾಟದಂತೆ ನೋಡಿಕೊಳ್ಳುತ್ತಾರೆ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು, ದಿನದ ಕಲಿಕೆ ಮೂರರಿಂದ ನಾಲ್ಕು ಗಂಟೆಗಳಷ್ಟಿರಬೇಕು ಎಂದು 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿ ಹೇಳುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆಯ ತನಕ ನಡೆಯುವ ಈ ಶಿಶುವಿಹಾರ ಆ ಎರಡೂ ಮಾತನ್ನು ಪಾಲಿಸುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸೋಮವಾರಗಳ ಬಗ್ಗೆ. ಫೆಬ್ರವರಿಯ ಆರಂಭದಲ್ಲಿ ಪ್ರತಿ ಮಗುವೂ ಒಂದೊಂದು ಮಣ್ಣಿನ ಕುಂಡದಲ್ಲಿ ಅಲಸಂಡೆ ಬೀಜವನ್ನು ಊರಿತು. ಹರಿವೆಯನ್ನೂ ಬಿತ್ತಿಸಬಹುದಿತ್ತು, ಆದರೆ ಅದರ ಬೀಜ ಸಾಸಿವೆಗಿಂತಲೂ ಸಣ್ಣದು, ಐದು ವರ್ಷದ ಮಗುವಿನ ಬೆರಳಿಗೆ ಅದು ಸಿಗುವುದಿಲ್ಲ. ಅಲಸಂಡೆ ಬೀಜವನ್ನು ಹಿಡಿಯಬಹುದು, ಎಣಿಸಬಹುದು, ಎಲ್ಲಿ ಊರಿದೆ ಎಂದು ನೆನಪಿಟ್ಟುಕೊಳ್ಳಬಹುದು, ಮೇಲಾಗಿ ಅದು ಕೆಲವೇ ದಿನಗಳಲ್ಲಿ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಅನಂತರದ ಪ್ರತಿ ಸೋಮವಾರವೂ ಮಕ್ಕಳು ಹಿಡಿಸೂಡಿಯ, ಅಂದರೆ ಪೊರಕೆಯ, ಒಂದೊಂದು ಕಡ್ಡಿಯನ್ನು ತಮ್ಮ ಗಿಡದ ಪಕ್ಕಕ್ಕೆ ಹಿಡಿದು, ಗಿಡ ಎಷ್ಟು ಎತ್ತರವಿದೆಯೋ ಅಷ್ಟಕ್ಕೆ ಮುರಿದು, ಗೋಡೆಯಲ್ಲಿ ತಮ್ಮ ಹೆಸರಿನ ಎದುರಿಗಿರುವ ಉದ್ದನೆಯ ಹಾಳೆಗೆ ಅಂಟಿಸುತ್ತಿದ್ದರು. ಸ್ಕೇಲ್ ಇಲ್ಲ, ಸೆಂಟಿಮೀಟರ್ ಇಲ್ಲ, ಅಂಕಿಯೂ ಇಲ್ಲ. ಮೊದಲ ವಾರದ್ದು ತುಂಡು ಕಡ್ಡಿ, ಎರಡನೆಯದು ಅದಕ್ಕಿಂತ ಉದ್ದ, ಮೂರನೆಯದು ಇನ್ನೂ ಉದ್ದ. ಹೀಗೆ ತಿಂಗಳ ಕೊನೆಗೆ ಪ್ರತಿ ಮಗುವಿನ ಹಾಳೆಯಲ್ಲಿಯೂ ಮೆಟ್ಟಿಲಿನಂಥ ಒಂದು ಚಿತ್ರ ಮೂಡಿತ್ತು. ಪ್ರೌಢಶಾಲೆಯಲ್ಲಿ ನಾವೆಲ್ಲ ಸ್ತಂಭಾಲೇಖ ಎಂದು ಕಷ್ಟಪಟ್ಟು ಕಲಿತದ್ದನ್ನು ಈ ಮಕ್ಕಳು ತಮ್ಮ ಕೈಯಾರೆ ಮಾಡಿ, ಯಾವ ವಾರ ಗಿಡ ಹೆಚ್ಚು ಬೆಳೆಯಿತು, ಯಾವ ವಾರ ಕಡಿಮೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಮಾರ್ಚಿನ ಹೊತ್ತಿಗೆ ಬಳ್ಳಿ ಹಬ್ಬತೊಡಗಿ ಒಂದು ಕಡ್ಡಿಯ ಉದ್ದವನ್ನು ಮೀರಿತು. ಆಗ ಟೀಚರ್ ತಾವಾಗಿ ಉತ್ತರ ಹೇಳದೆ, ಈಗ ಏನು ಮಾಡುವುದು ಎಂದು ಮಕ್ಕಳನ್ನೇ ಕೇಳಿದರು. ಒಬ್ಬ ಹುಡುಗ ದೊಡ್ಡ ಕಡ್ಡಿ ಬೇಕು ಎಂದ, ಮತ್ತೊಬ್ಬಳು ಬಳ್ಳಿಯನ್ನೇ ಕತ್ತರಿಸೋಣ ಎಂದಳು. ಅಷ್ಟರಲ್ಲಿ ಸದಾ ಮೌನವಾಗಿರುವ ಒಂದು ಹುಡುಗಿ, "ಟೀಚರೇ, ಇನ್ನೊಂದು ಕಡ್ಡಿ ಕಟ್ಟುವ" ಎಂದಳು. ಟೀಚರ್ ಅದನ್ನು ಹೊಗಳಿ ಮುಗಿಸಲಿಲ್ಲ. ಬಾಳೆನಾರು ಕೊಟ್ಟು ಕಟ್ಟಿಸಿದರು, ಕಟ್ಟು ಸಡಿಲವಾಗಿ ಜಾರಿದಾಗ ಮತ್ತೆ ಕಟ್ಟಿಸಿದರು. ಅಳತೆಯ ಮೂಲ ತತ್ತ್ವ, ಒಂದೇ ಅಳತೆಗೋಲನ್ನು ಕೊನೆಯಿಂದ ಕೊನೆಗೆ ಜೋಡಿಸುತ್ತ ಹೋಗುವುದು, ಅಲ್ಲಿ ಆ ಬೆಳಿಗ್ಗೆ ಮಕ್ಕಳ ಕೈಗೆ ಬಂತು. ಇದನ್ನು ನೋಡಿದ ಮೇಲೆ ನನಗೆ ಆ ಟೀಚರ್ ಬಗ್ಗೆ ಬಹಳ ಗೌರವ ಮೂಡಿತು.

ಒಂದು ಮಗುವಿನ ಕುಂಡದಲ್ಲಿ ಬೀಜ ಮೊಳೆಯಲೇ ಇಲ್ಲ. ಇಂಥ ಕಡೆ ಅನೇಕ ಶಾಲೆಗಳಲ್ಲಿ ರಾತ್ರೋರಾತ್ರಿ ಬೇರೊಂದು ಗಿಡ ತಂದು ನೆಟ್ಟು ಮಗುವನ್ನು ಸಂತೈಸುತ್ತಾರೆ. ಇಲ್ಲಿ ಹಾಗೆ ಮಾಡಲಿಲ್ಲ. ಆ ಮಗುವನ್ನು ಕೂರಿಸಿಕೊಂಡು ಮಣ್ಣನ್ನು ನಿಧಾನವಾಗಿ ಕೆದಕಿ, ಕೊಳೆತ ಬೀಜವನ್ನು ಹೊರತೆಗೆದು, ಮುಟ್ಟಿ ಮೂಸಿ ನೋಡಲು ಬಿಟ್ಟರು. ನೀರು ಹೆಚ್ಚಾಯಿತೇ, ಕುಂಡದ ತಳದಲ್ಲಿ ತೂತು ಇದೆಯೇ ಎಂದು ಉಳಿದ ಮಕ್ಕಳೂ ಬಗ್ಗಿ ನೋಡಿದರು. ತೂತು ಮುಚ್ಚಿಹೋಗಿತ್ತು. ಅದನ್ನು ಬಿಡಿಸಿ ಹೊಸ ಬೀಜ ಊರಿದ ಮೇಲೆ, ಆ ಮಗುವಿನ ಹಾಳೆಯಲ್ಲಿ ಮೊದಲ ವಾರಗಳ ಜಾಗವನ್ನು ಖಾಲಿಯಾಗಿಯೇ ಉಳಿಸಿಕೊಂಡರು. ಖಾಲಿ ಜಾಗವೂ ಆ ಗಿಡದ ಕಥೆಯ ಒಂದು ಭಾಗ ಎಂಬುದು ಮಕ್ಕಳಿಗೆ ಗೊತ್ತಾಗಿತ್ತು, ಅದನ್ನು ಅವರು ಮನೆಯವರಿಗೆ ವಿವರಿಸುತ್ತಲೂ ಇದ್ದರು. ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ 1837ರಲ್ಲಿ ಮಕ್ಕಳಿಗಾಗಿ ಆಟದ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೀಡ್ರಿಕ್ ಫ್ರೋಬೆಲ್, ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ ಇರಬೇಕೆಂದು ಬಯಸಿದ್ದರು. ನಮ್ಮ ಕಡೆ ಕೆಂಪು ಮಣ್ಣಿನ ಕುಂಡಗಳಲ್ಲಿ ಆ ಬಯಕೆ ಚೆನ್ನಾಗಿಯೇ ನೆರವೇರಿದೆ.

ಮಂಗಳವಾರ ಅಂಗಳದ ಮಾವಿನ ಮರದ ಸುತ್ತ. ಪ್ರತಿ ವಾರವೂ ಅದೇ ಮರವನ್ನು ನೋಡುವುದು ಇಲ್ಲಿಯ ಕ್ರಮ, ಮತ್ತು ಅದು ಸರಿಯಾದ ಕ್ರಮ. ಫೆಬ್ರವರಿಯಲ್ಲಿ ಹೂವಿನ ಗೊಂಚಲು, ಅದಕ್ಕೆ ಮುತ್ತುವ ನೊಣ ಮತ್ತು ಇರುವೆ, ಆಮೇಲೆ ಕಾಳಿನಷ್ಟು ಕಾಯಿ, ಆಮೇಲೆ ಉದುರಿದ ಮಿಡಿ. ಉದುರಿದ್ದನ್ನು ಹೆಕ್ಕಿ ತಂದು ಅಡಿಕೆ ಹಾಳೆಯ ತಟ್ಟೆಗಳಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರ್ಪಡಿಸುತ್ತಾರೆ. ಹೂಬಿಟ್ಟದ್ದೆಲ್ಲ ಹಣ್ಣಾಗುವುದಿಲ್ಲ ಎಂದು ಟೀಚರ್ ಹೇಳಬೇಕಾಗಿಯೇ ಬರಲಿಲ್ಲ. ಬುಧವಾರ ಕಥೆ, ಹಾಡು ಮತ್ತು ಜೇಡಿಮಣ್ಣಿನ ಕೆಲಸ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಡುವ ಸಂಗತಿಯನ್ನು ಕೇಳಿದ ಮಕ್ಕಳು ಮಣ್ಣಿನಲ್ಲಿ ಗೂಡು ಮಾಡಿ, ಕಪ್ಪು ಗಂಡು ಹಕ್ಕಿಯನ್ನೂ ಚುಕ್ಕೆಗಳಿರುವ ಕಂದು ಹೆಣ್ಣು ಹಕ್ಕಿಯನ್ನೂ ಬೇರೆ ಬೇರೆಯಾಗಿ ಮಾಡಿದ್ದರು.

ಗುರುವಾರ ಯಾರಾದರೂ ಮನೆಯ ಹಿರಿಯರು ಬಂದು ತಮಗೆ ಗೊತ್ತಿರುವ ಒಂದು ಕೆಲಸವನ್ನು ಮಾಡಿ ತೋರಿಸುತ್ತಾರೆ. ಶಂಕರಪುರದ ಕಡೆಯಿಂದ ಬಂದ ಒಬ್ಬ ಮಗುವಿನ ಅಜ್ಜಿ ಮಲ್ಲಿಗೆ ಕಟ್ಟುವುದನ್ನು ತೋರಿಸಿದ ದಿನ ನಾನೂ ಅಲ್ಲಿದ್ದೆ. ಮೊಗ್ಗುಗಳನ್ನು ಜೋಡಿಸಿ ಬಾಳೆನಾರಿನಿಂದ ಬಿಗಿಯುವ ಅವರ ಕೈಯ ವೇಗಕ್ಕೆ ಮಕ್ಕಳು ಮೂಕರಾಗಿ ಕುಳಿತಿದ್ದರು. ಒಂದು ಚೆಂಡು ಎಂದರೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂದು ಅಜ್ಜಿ ಹೇಳಿದಾಗ, ಇಪ್ಪತ್ತರ ಆಚೆ ಎಣಿಕೆ ತಪ್ಪುವ ಮಕ್ಕಳಿಗೆ ಆ ಸಂಖ್ಯೆಯೇ ಒಂದು ಬೆರಗಾಯಿತು. ಟೀಚರ್ ಸಂಖ್ಯೆಯನ್ನು ಬಾಯಿಪಾಠ ಮಾಡಿಸಲಿಲ್ಲ. ಪ್ರತಿ ಮಗುವಿಗೂ ಹತ್ತು ಮೊಗ್ಗು ಎಣಿಸಿ ಕೊಡುವಂತೆ ಹೇಳಿ, ಹತ್ತು ಹತ್ತರ ಗುಂಪುಗಳನ್ನು ಬಾಳೆ ಎಲೆಯ ಮೇಲೆ ಸಾಲಾಗಿ ಇಡಿಸಿದರು. ಎಲ್ಲರ ಮೊಗ್ಗು ಸೇರಿದರೂ ಒಂದು ಚೆಂಡಿನ ಕಾಲುಭಾಗ ಆಗಲಿಲ್ಲ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಮನೆಯಲ್ಲಿ ಇಡೀ ಸಂಜೆ ಹೂ ಕಟ್ಟುವ ಅಜ್ಜಿಯ ದುಡಿಮೆ ಎಷ್ಟೆಂದು ಆ ಅಜ್ಜಿಯ ಮೊಮ್ಮಗನಿಗೆ ಮಾತ್ರವಲ್ಲ, ನಮಗೂ ಅಂದು ತಿಳಿಯಿತು.

ಅಜ್ಜಿ ಮಾತಾಡಿದ್ದು ತುಳುವಿನಲ್ಲಿ. ಟೀಚರ್ ಅದನ್ನು ತಡೆಯಲಿಲ್ಲ. ಈ ಕೋಣೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲವೂ ಕೇಳಿಸುತ್ತವೆ; ಮಗು ತನ್ನ ಮನೆಮಾತಿನಲ್ಲಿ ಹೇಳಿದ್ದನ್ನು ಟೀಚರ್ ಒಪ್ಪಿಕೊಂಡು, ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ಮುಂದುವರಿಯುತ್ತಾರೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆ ಸಾಧ್ಯವಾದಷ್ಟು ಮನೆಮಾತಿನಲ್ಲಿ, ಆಟದ ಮೂಲಕ ನಡೆಯಬೇಕೆನ್ನುತ್ತದೆ. ತುಳು ಮಾತಾಡಿದ್ದಕ್ಕೆ ಮಕ್ಕಳನ್ನು ಗದರಿಸುವ ಶಾಲೆಗಳು ಈಗಲೂ ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಆಚರಣೆಗೆ ತಂದ ಒಂದು ಕೋಣೆಯನ್ನು ಕಂಡದ್ದು ನನಗೆ ನೆಮ್ಮದಿ ತಂದಿದೆ.

ಶುಕ್ರವಾರ ವಾರದ ಕೆಲಸಗಳನ್ನೆಲ್ಲ ನೆಲದ ಮೇಲೆ ಹರಡಿ, ಮಕ್ಕಳೇ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಡೈರಿಯಲ್ಲಿ ಟೀಚರ್ ಬರೆದು ಕಳಿಸುವ ಎರಡು ಸಾಲು ಅಂಕಗಳ ವಿಷಯವಾಗಿರುವುದಿಲ್ಲ, ಮಗು ಈ ವಾರ ಏನು ಕೇಳಿತು ಎಂಬುದರ ಬಗ್ಗೆ ಇರುತ್ತದೆ. ನಾನು ಆ ಡೈರಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆಕ್ಷೇಪಗಳೂ ಇವೆ. ಶಾಲೆ ತರಿಸಿಕೊಳ್ಳುವ ಅಚ್ಚಾದ ಇಂಗ್ಲಿಷ್ ವರ್ಕ್‌ಬುಕ್‌ನಲ್ಲಿ ವಸಂತವೆಂದರೆ ಕರಗುವ ಹಿಮ ಮತ್ತು ಉಣ್ಣೆಯ ಟೋಪಿ ಕಳಚುವ ಮಕ್ಕಳು. ಉಡುಪಿಯ ಮಗು ಮಾರ್ಚಿನಲ್ಲಿ ಬೆವರುತ್ತ, ಗುಜ್ಜೆ ತೂಗುವ ಹಲಸಿನ ಮರ ಮತ್ತು ಬೀಜವನ್ನು ಹೊರಗೇ ಇಟ್ಟುಕೊಂಡಿರುವ ಗೇರುಹಣ್ಣನ್ನು ನೋಡುತ್ತ ಶಾಲೆಗೆ ಬರುತ್ತದೆ. ಟೀಚರ್ ಆ ಪುಟಗಳನ್ನು ಆದಷ್ಟು ಬದಿಗಿಡುತ್ತಾರೆ ನಿಜ, ಆದರೆ ಹಣ ಕೊಟ್ಟು ಕೊಳ್ಳುವ ಪುಸ್ತಕವನ್ನು ಬದಿಗಿಡುವುದಾದರೆ ಕೊಳ್ಳುವುದೇಕೆ ಎಂದು ಆಡಳಿತದವರು ಯೋಚಿಸಬೇಕು.

ಇದಕ್ಕಿಂತ ಗಂಭೀರವಾದ ಮಾತು ಮಾರ್ಚಿನ ಕೊನೆಯ ವಾರಗಳದು. ಒಂದನೆಯ ತರಗತಿಗೆ ಸೇರಿಸುವಾಗ ಮಗುವಿನಿಂದ ಬರೆಸಿ ನೋಡುವ ಶಾಲೆಗಳಿವೆ ಎಂಬ ಹೆದರಿಕೆಯಿಂದ ಕೆಲವು ಹೆತ್ತವರು ಒತ್ತಾಯಿಸಿದ ಕಾರಣ, ಯುಕೆಜಿ ಮಕ್ಕಳಿಗೆ ಆ ವಾರಗಳಲ್ಲಿ ಕಾಪಿ ಬರೆಯುವ ಕೆಲಸವನ್ನು ಹೆಚ್ಚಿಸಲಾಯಿತು. ಕುಂಡಗಳ ಬಳಿ ಕಳೆಯುತ್ತಿದ್ದ ಹೊತ್ತು ಅದಕ್ಕೆ ಹೋಯಿತು. ಬಳ್ಳಿಯಲ್ಲಿ ಕಾಯಿ ಬಿಡುವ ಹೊತ್ತಿಗೆ ಮಕ್ಕಳು ನಾಲ್ಕು ಗೆರೆಯ ಪುಸ್ತಕದ ಮುಂದೆ ಬಾಗಿದ್ದರು. ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ನಿಷೇಧಿಸಿದೆ. ಈ ಕಾನೂನನ್ನು ಹೆತ್ತವರಿಗೆ ತಿಳಿಸಿ ಧೈರ್ಯ ಹೇಳುವ ಕೆಲಸವನ್ನು ಶಿಶುವಿಹಾರ ಮಾಡಬೇಕಿತ್ತು. ಒತ್ತಡಕ್ಕೆ ಮಣಿದದ್ದು ನನಗೆ ಸರಿಕಾಣಲಿಲ್ಲ, ಹೆತ್ತವರ ಸಭೆಯಲ್ಲಿ ಅದನ್ನು ಹೇಳಿಯೂ ಇದ್ದೇನೆ.

ಸೆಕೆಯ ವಿಷಯದಲ್ಲಿ ಸುಧಾರಣೆ ಆಗಿದೆ. ಹನ್ನೊಂದು ಗಂಟೆಗೆ ಇದ್ದ ಹೊರಾಂಗಣದ ಆಟವನ್ನು ಈಗ ಬೆಳಿಗ್ಗೆ ಬಂದ ಕೂಡಲೇ ಆಡಿಸುತ್ತಾರೆ, ನೀರಿನ ಬಾಟಲಿ ಖಾಲಿಯಾಗಿದೆಯೇ ಎಂದು ಆಯಾ ನೋಡುತ್ತಾರೆ. ಆದರೂ ಎಲ್‌ಕೆಜಿ ಕೋಣೆಯ ಮೇಲಿರುವುದು ಶೀಟಿನ ಮಾಡು. ಮಾರ್ಚಿನ ಮಧ್ಯಾಹ್ನ ಅದರ ಕೆಳಗೆ ಪುಟ್ಟ ಮಕ್ಕಳನ್ನು ಕೂರಿಸುವುದು ಕಷ್ಟ. ಅದರ ಮೇಲೆ ತೆಂಗಿನ ಗರಿ ಹೊದಿಸುವುದಕ್ಕೆ ದೊಡ್ಡ ಖರ್ಚೇನೂ ಬೀಳದು.

ಶುಲ್ಕವನ್ನು ಮೂರು ಕಂತುಗಳಲ್ಲಿ ಕಟ್ಟಬಹುದು, ರಸೀದಿ ಕೊಡುತ್ತಾರೆ, ನಡುವೆ ಬೇರೆ ಬೇರೆ ಹೆಸರಿನಲ್ಲಿ ಹಣ ಕೇಳುವುದಿಲ್ಲ. ಹನ್ನೆರಡೂವರೆಯ ಬಳಿಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿರುವುದರಿಂದ, ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ, ಮನೆಯಲ್ಲಿ ಹಿರಿಯರಿಲ್ಲದ ಕುಟುಂಬಗಳಿಗೆ ಇದು ಹೊಂದುವುದಿಲ್ಲ. ಶಾಲೆಯ ವಾಹನವೂ ಇಲ್ಲ, ಹೆಚ್ಚಿನವರು ಮಕ್ಕಳನ್ನು ರಿಕ್ಷಾದಲ್ಲಿ ಕಳುಹಿಸುತ್ತಾರೆ. ಸಮಯ ಹೊಂದಿಸಿಕೊಳ್ಳಬಲ್ಲವರಿಗೆ ಈ ಜಾಗವನ್ನು ನಾನು ಸಂಶಯವಿಲ್ಲದೆ ಶಿಫಾರಸು ಮಾಡುತ್ತೇನೆ. ನೀವು ಬೇರೆ ಯಾವ ಶಿಶುವಿಹಾರವನ್ನು ನೋಡಲು ಹೋದರೂ ವಾರ್ಷಿಕೋತ್ಸವದ ದಿನ ಹೋಗಬೇಡಿ. ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಒಂದು ಗಂಟೆ ಹಿಂದೆ ಕುಳಿತು ನೋಡಬಹುದೇ ಎಂದು ಕೇಳಿ, ಅವರು ಒಪ್ಪಿದರೆ ಟೀಚರ್ ಮಕ್ಕಳ ಪ್ರಶ್ನೆಗಳಿಗೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಗಮನಿಸಿ ಆಮೇಲೆ ಅರ್ಜಿ ತುಂಬಿ.