‘ಪೋಲ್ ವಾಲ್ಟ್ ಕಂಪ್ಲೀಟ್ ಸೆಟ್’: ದಾವಣಗೆರೆ, ಚಿತ್ರದುರ್ಗದ ಮೈದಾನಕ್ಕೆ ಎಷ್ಟು ಸರಿ?

ಪೋಲ್ ವಾಲ್ಟ್ ಅಂದರೆ ಓಡಿಬಂದು ಉದ್ದನೆಯ ಗಳ ಊರಿ, ಎತ್ತರದ ಬಾರ್ ದಾಟುವ ಆಟ. ಶಾಲಾ ಕಾಲೇಜುಗಳಿಗೆ ಆಟದ ಸಾಮಾನು ಪೂರೈಸುವವರ ದರಪಟ್ಟಿಯಲ್ಲಿ ‘ಪೋಲ್ ವಾಲ್ಟ್ ಕಂಪ್ಲೀಟ್ ಸೆಟ್’ ಅಂತ ಒಂದು ಸಾಲು ಇರುತ್ತದೆ. ಒಂದು ಲ್ಯಾಂಡಿಂಗ್ ಪಿಟ್ (ಹಾರಿದವರು ಬೀಳುವ ದಪ್ಪ ಮ್ಯಾಟ್), ಒಂದು ಜೊತೆ ಸ್ಟ್ಯಾಂಡ್, ಒಂದು ಬಾಕ್ಸ್ (ಪೋಲ್‌ನ ಬುಡ ಊರಲು ನೆಲದಲ್ಲಿ ಹೂಳುವ ತೊಟ್ಟಿ), ಸ್ಟ್ಯಾಂಡ್ ಮೇಲೆ ಇಡುವ ಕ್ರಾಸ್‌ಬಾರ್, ಜೊತೆಗೆ ಒಂದೋ ಎರಡೋ ಫೈಬರ್ ಪೋಲ್. ಈ ಬರಹ ಯಾವುದೇ ಒಂದು ಕಂಪನಿಯ ಬಗ್ಗೆ ಅಲ್ಲ, ಈ ಬಗೆಯ ಸೆಟ್ಟಿನ ಬಗ್ಗೆ. ಮೊದಲೇ ಹೇಳಿಬಿಡುತ್ತೇವೆ: ಪಿಟ್ ನೋಡಿ ತಗೊಂಡರೆ ಪರವಾಗಿಲ್ಲ, ಸ್ಟ್ಯಾಂಡ್ ನಡೆಯುತ್ತದೆ, ಬಾಕ್ಸ್ ಅಳೆಯದೆ ಕೂರಿಸಬಾರದು. ಪೋಲ್‌ಗಳ ಆಯ್ಕೆ ಮಾತ್ರ ಕಲಿಯುವ ಮಕ್ಕಳಿಗೆ ಒಪ್ಪುವಂಥದ್ದೇ ಅಲ್ಲ. ಸೆಟ್ ಬಂದ ವರ್ಷ ಉತ್ಸಾಹದಿಂದ ಶುರುವಾಗಿ, ಮರುವರ್ಷ ಪಿಟ್ ಮೇಲೆ ಹೈಜಂಪ್ ನಡೆಯುವುದಕ್ಕೆ ಮುಖ್ಯ ಕಾರಣ ಇದೇ.

ಪೋಲ್ ಮೇಲೆ ಎರಡು ಅಂಕಿ ಇರುತ್ತವೆ: ಉದ್ದ ಮತ್ತು ತೂಕದ ರೇಟಿಂಗ್. ರೇಟಿಂಗ್ ಬಹುತೇಕ ಪೌಂಡ್‌ನಲ್ಲಿರುತ್ತದೆ. ಪೋಲ್‌ನ ಮೇಲ್ತುದಿಯ ಹತ್ತಿರ ಹಿಡಿದು ಹಾರಿದಾಗ ಅದು ತಡೆಯಬಲ್ಲ ದೇಹತೂಕ ಅದು. ಹಾರುವವರ ತೂಕ ರೇಟಿಂಗ್‌ಗಿಂತ ಹೆಚ್ಚಿರಬಾರದು. ಹೆಚ್ಚಾದರೆ ಪೋಲ್ ಮಿತಿಮೀರಿ ಬಾಗಿ ಮುರಿಯಬಹುದು. ಉಲ್ಟಾ ಆದರೂ ಕಷ್ಟ. 45 ಕೆ.ಜಿ. ಅಂದರೆ ಸುಮಾರು 100 ಪೌಂಡ್. ಅಷ್ಟು ತೂಕದ ಹೈಸ್ಕೂಲ್ ಹುಡುಗಿಯ ಕೈಗೆ 14 ಅಡಿಯ, 150 ಪೌಂಡ್ ರೇಟಿಂಗ್‌ನ ಪೋಲ್ ಕೊಟ್ಟರೆ ಅದು ಬಾಗುವುದಿಲ್ಲ, ನೆಟ್ಟಗೂ ನಿಲ್ಲುವುದಿಲ್ಲ. ಅರ್ಧಕ್ಕೆ ನಿಂತು ಅವಳನ್ನು ಓಡಿಬಂದ ದಾರಿ, ಅಂದರೆ ರನ್‌ವೇ ಕಡೆಗೇ ವಾಪಸ್ ತಳ್ಳುತ್ತದೆ. ಮ್ಯಾಟ್ ಇಲ್ಲದ ಕಡೆ ಬೀಳುವುದೇ ಈ ಆಟದ ದೊಡ್ಡ ಅಪಾಯ. ಸೆಟ್ಟಿನ ಜೊತೆ ಬರುವುದು ಹೆಚ್ಚಾಗಿ ಇಂಥ ಉದ್ದನೆಯ, ಗಡಸು ಪೋಲ್. ಉದ್ದ ಇದ್ದಷ್ಟೂ ದರಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಎಂಟನೇ ಕ್ಲಾಸಿನಿಂದ ಪಿಯುವರೆಗಿನ ಮಕ್ಕಳಿಗೆ ಬೇಕಾದದ್ದು 10 ಅಡಿ, ಅಂದರೆ 3.05 ಮೀಟರ್ ಉದ್ದದ ಪೋಲ್‌ಗಳು, 100, 110, 120, 130 ಪೌಂಡ್ ರೇಟಿಂಗ್‌ನಲ್ಲಿ ಒಂದೊಂದು. ಆಮೇಲೆ 11 ಅಡಿ 6 ಇಂಚಿನವು, 120ರಿಂದ 140ರವರೆಗೆ ಎರಡೋ ಮೂರೋ. ಇಷ್ಟಿದ್ದರೆ ಹದಿನೈದಿಪ್ಪತ್ತು ಮಕ್ಕಳು ಪಾಳಿಯಲ್ಲಿ ಹಾರಬಹುದು. ದೇವ್ ಮೀನಾ 2025ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ 5.35 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಮಹಿಳೆಯರಲ್ಲಿ ರೋಸಿ ಮೀನಾ ಪೌಲ್‌ರಾಜ್ 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ 4.21 ಮೀಟರ್ ಹಾರಿದರು. ಆ ಮಟ್ಟದವರೂ ಒಂದೇ ಪೋಲ್ ನಂಬಿ ಮೈದಾನಕ್ಕೆ ಬರುವುದಿಲ್ಲ. ಹತ್ತು ಮಕ್ಕಳಿಗೆ ಒಂದೇ ಪೋಲ್ ಅಂದರೆ ಹತ್ತು ಜನರಿಗೆ ಒಂದೇ ಅಳತೆಯ ಶೂ ಕೊಟ್ಟ ಹಾಗೆ.

ಅಮೆರಿಕದ ಯುಸಿಎಸ್ ಸ್ಪಿರಿಟ್, ಪೇಸರ್, ಎಸ್ಸೆಕ್ಸ್, ಸ್ವೀಡನ್ನಿನ ನಾರ್ಡಿಕ್ ಪೋಲ್‌ಗಳ ಮೇಲೆ ರೇಟಿಂಗ್ ಜೊತೆ ಫ್ಲೆಕ್ಸ್ ನಂಬರ್ ಕೂಡ ಇರುತ್ತದೆ. ಎರಡು ತುದಿ ಆಧಾರಕ್ಕಿಟ್ಟು ನಡುವೆ 50 ಪೌಂಡ್ ತೂಗುಹಾಕಿದರೆ ಎಷ್ಟು ಸೆಂಟಿಮೀಟರ್ ಬಗ್ಗುತ್ತದೋ ಅದೇ ಆ ನಂಬರ್. ಅಂಕಿ ದೊಡ್ಡದಾದಷ್ಟೂ ಪೋಲ್ ಮೆದು. ಫ್ಲೆಕ್ಸ್ ನಂಬರ್ ಇಲ್ಲದ, ರೇಟಿಂಗ್ ಅಳಿಸಿಹೋದ ಪೋಲ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಹೊರದೇಶದಿಂದ ತರಿಸುವುದಾದರೆ ಒಂದೊಂದಾಗಿ ತರಿಸಬೇಡಿ. ಉದ್ದನೆಯ ಪಾರ್ಸೆಲ್‌ನ ಸಾಗಣೆಯೇ ದುಬಾರಿ. ಒಂದೇ ಕೊಳವೆಯಲ್ಲಿ ನಾಲ್ಕೈದು ಬಂದರೆ ಆ ಖರ್ಚು ಹಂಚಿಹೋಗುತ್ತದೆ.

ಈಗ ಪಿಟ್. ವರ್ಲ್ಡ್ ಅಥ್ಲೆಟಿಕ್ಸ್ ನಿಯಮದ ಪ್ರಕಾರ ದೊಡ್ಡ ಕೂಟಗಳಿಗೆ ಬಾಕ್ಸಿನ ಹಿಂದೆ 6 ಮೀಟರ್ ಉದ್ದ, 6 ಮೀಟರ್ ಅಗಲ, 80 ಸೆಂ.ಮೀ. ಎತ್ತರ ಇರಬೇಕು, ಉಳಿದ ಕೂಟಗಳಿಗೆ 5 x 5. ಬಾಕ್ಸಿನ ಎರಡು ಬದಿಗೆ ಚಾಚುವ ಮುಂಭಾಗದ ಮ್ಯಾಟ್‌ಗಳು ಇದಕ್ಕೆ ಬೇರೆ, ಅವು ಕನಿಷ್ಠ 2 ಮೀಟರ್. ಹಣ ಉಳಿಸಲು ಈ ಮುಂಭಾಗವನ್ನೇ ಬಿಟ್ಟ ಸೆಟ್‌ಗಳಿವೆ, ಅಂಥದ್ದನ್ನು ಮುಟ್ಟಲೇಬೇಡಿ. ಹೊಸಬರು ಹೆಚ್ಚಾಗಿ ಬೀಳುವುದು ಬಾಕ್ಸಿನ ಆಸುಪಾಸಿನಲ್ಲೇ. ಬಾಕ್ಸಿನ ಸುತ್ತ ಕೂರುವ ಮೆದು ಕಾಲರ್ ಸಿಕ್ಕರೆ ಅದನ್ನೂ ತಗೊಳ್ಳಿ.

ಹೊದಿಕೆಯ ಬಣ್ಣ ನೋಡಿ ಮರುಳಾಗದೆ ಪಿಟ್‌ನ ಪಕ್ಕಗಳನ್ನು ನೋಡಿ. ಗಾಳಿ ಹೊರಹೋಗುವ ಜಾಲರಿ ಬಟ್ಟೆ ಇದೆಯಾ, ಇಲ್ಲ ನಾಲ್ಕೂ ಕಡೆ ರೆಕ್ಸಿನ್ ಹೊಲಿದು ಮುಚ್ಚಿದ್ದಾರಾ? ಮುಚ್ಚಿದ್ದರೆ ಬಿದ್ದವರನ್ನು ಅದು ನುಂಗುವುದಿಲ್ಲ, ಎಗರಿಸುತ್ತದೆ. ಬ್ಲಾಕ್‌ಗಳು ಬಿಡಿಬಿಡಿಯಾಗಿದ್ದರೆ ಎಲ್ಲದರ ಮೇಲೂ ಒಂದೇ ಟಾಪ್ ಪ್ಯಾಡ್ ಬಂದು ಪಟ್ಟಿಗಳಿಂದ ಬಿಗಿಯಬೇಕು. ಇಲ್ಲದಿದ್ದರೆ ಸಂದಿಯಲ್ಲಿ ಕಾಲು ಸಿಕ್ಕಿ ಪಾದ ತಿರುಚುತ್ತದೆ. ಡೆಲಿವರಿ ಆದ ದಿನವೇ ಮೈಕಟ್ಟಿನ ಒಬ್ಬರನ್ನು ಮೇಲೆ ಹತ್ತಿಸಿ, ಸಂದಿಗಳ ಮೇಲೆ ಮೊಣಕಾಲೂರಿ ಗುದ್ದಿಸಿ. ನೆಲ ತಾಗಿದ್ದು ಗೊತ್ತಾದರೆ ಸಹಿ ಹಾಕಬೇಡಿ.

ನಮ್ಮ ಕಡೆ ಪಿಟ್ ಹಾಳಾಗುವುದು ಹಾರಾಟದಿಂದಲ್ಲ. ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಸೀಳುತ್ತದೆ, ಮೊದಲ ಮಳೆಗೆ ಅಡಿಯಿಂದ ನೀರು ಹೀರುತ್ತದೆ, ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ. ನೆಲದಿಂದ ನಾಲ್ಕು ಇಂಚು ಎತ್ತರದ ಮರದ ಪ್ಯಾಲೆಟ್ ಮೇಲೆ ಇಡಿ, ಗಾಳಿಯಾಡಲಿ. ಮೇಲೆ ತಾಡಪಾಲು ಹೊದಿಸಿ, ಮಳೆ ಬಿಟ್ಟ ದಿನ ತೆಗೆದು ಒಣಗಿಸಿ.

ಬಾಕ್ಸನ್ನು ಸೆಟ್ಟಿನ ಜೊತೆ ತಗೊಳ್ಳಲೇಬೇಕೆಂದಿಲ್ಲ. ಒಳ್ಳೆಯ ವೆಲ್ಡಿಂಗ್ ಶಾಪ್‌ನವರಿಗೆ ಅಳತೆ ಕೊಟ್ಟರೆ ದಾವಣಗೆರೆಯಲ್ಲೇ ಆಗುತ್ತದೆ. ತಳದ ಉದ್ದ 1 ಮೀಟರ್, ಬಾಯಿ 60 ಸೆಂ.ಮೀ. ಅಗಲ, ಕೊನೆಯಲ್ಲಿ 15 ಸೆಂ.ಮೀ.ಗೆ ಕಿರಿದಾಗಬೇಕು, ಅಲ್ಲಿ ಆಳ 20 ಸೆಂ.ಮೀ. ಪೋಲ್ ಹೋಗಿ ತಾಗುವ ಹಿಂದಿನ ಗೋಡೆ ತಳಕ್ಕೆ 105 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರಬೇಕು. ವೆಲ್ಡರ್‌ಗಳು ಅಭ್ಯಾಸಬಲದಿಂದ ಇದನ್ನು 90ಕ್ಕೆ ಮಾಡಿಬಿಡುತ್ತಾರೆ. ಆಗ ನೆಟ್ಟಗಾದ ಪೋಲ್ ಇನ್ನೂ ಮುಂದಕ್ಕೆ ವಾಲಲು ಜಾಗ ಸಿಗದೆ ಬುಡ ಕಚ್ಚಿಕೊಳ್ಳುತ್ತದೆ. ಬಾಕ್ಸಿನ ಅಂಚು ರನ್‌ವೇ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಅಂಚು ಎದ್ದಿದ್ದರೆ ಪೋಲ್ ಅದಕ್ಕೆ ಬಡಿದು ಫೈಬರ್ ಕೀಳುತ್ತದೆ. ಅಡಿಯಲ್ಲಿ ನೀರು ಹೋಗಲು ತೂತು, ಮೇಲೊಂದು ಮುಚ್ಚಳ ಮರೆಯಬೇಡಿ.

ಸ್ಟ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಎತ್ತರಕ್ಕೆ ಏರುತ್ತದೆ ಅಂತ ಎಲ್ಲರೂ ಕೇಳುತ್ತಾರೆ; ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ. 2 ಮೀಟರ್‌ಗೆ ಇಳಿಯದಿದ್ದರೆ ಕಲಿಯುವವರಿಗೆ ಪ್ರಯೋಜನವಿಲ್ಲ. ಹೊಸಬರಿಗೆ ಬಾರನ್ನು ಬಾಕ್ಸಿನ ಹಿಂದಿನ ಗೋಡೆಯಿಂದ 80 ಸೆಂ.ಮೀ. ಒಳಕ್ಕೆ, ಮ್ಯಾಟ್ ಕಡೆಗೆ ಸರಿಸಿಡಿ. ಅಭ್ಯಾಸಕ್ಕೆ ಟೈಲರ್ ಅಂಗಡಿಯ ಅಗಲ ಇಲಾಸ್ಟಿಕ್ ಕಟ್ಟಿದರೆ ಸಾಕು, 4.5 ಮೀಟರ್‌ನ ಫೈಬರ್ ಬಾರ್ ಕೂಟದ ದಿನಕ್ಕಿರಲಿ.

ರನ್‌ವೇ 40 ಮೀಟರ್, ಅಗಲ 1.22. ಆದರೆ ಪೂರೈಕೆದಾರರು ಕೇಳದ ಪ್ರಶ್ನೆ ಗಾಳಿಯದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಪಿಟ್ ಮೂಡಣ ತುದಿಯಲ್ಲಿದ್ದು, ಓಟ ಪಡುವಣದಿಂದ ಮೂಡಣಕ್ಕೆ ಇದ್ದರೆ ಗಾಳಿ ಬೆನ್ನಿಗೆ. ಎದುರುಗಾಳಿಯಲ್ಲಿ ಓಟದ ವೇಗ ಇಳಿದು ಪೋಲ್ ನಡುವೆ ನಿಂತುಬಿಡುತ್ತದೆ. ಬೆಳಗಿನ ಅಭ್ಯಾಸಕ್ಕೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ನಿಜ, ಸಂಜೆ ಹಾರಿಸಿ.

ಸೆಟ್ ಬರುವವರೆಗೆ ಕಾಯಬೇಕಿಲ್ಲ. ಲಾಂಗ್‌ಜಂಪ್ ಮರಳು ಗುಂಡಿ, ಒಂದು ಬಿದಿರು ಗಳ ಇದ್ದರೆ ಮೊದಲ ಎರಡು ತಿಂಗಳ ಪಾಠ ಆಗಿಬಿಡುತ್ತದೆ. ಬಿದಿರು ಅಂತ ಮೂಗು ಮುರಿಯುವವರಿಗೆ: ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಹಾರಿದ್ದು ಬಿದಿರಿನಲ್ಲೇ. ಸೆಂಟ್ರಿಂಗ್‌ಗೆ ಬಳಸುವ ಸರ್ವೆ ಗಳ ಮಾತ್ರ ಬೇಡ, ಭಾರ. ಸೀಳಿಲ್ಲದ ಬಿದಿರು ಆರಿಸಿ, ಗಿಣ್ಣು ಕೆತ್ತಿ ನುಣುಪು ಮಾಡಿ, ಹಿಡಿಯುವ ಜಾಗಕ್ಕೂ ಬುಡಕ್ಕೂ ಬಟ್ಟೆ ಟೇಪ್ ಸುತ್ತಿ. ಗಳ ನೆಟ್ಟಗೆ ನಿಲ್ಲಿಸಿ ಕೈ ಎತ್ತಿದಾಗ ಎಟುಕುವ ಜಾಗಕ್ಕಿಂತ ಒಂದು ಗೇಣು ಮೇಲೆ ಹಿಡಿತ, ಆರು ಹೆಜ್ಜೆ ಓಟ, ಮರಳಿಗೆ ಊರಿ ಉದ್ದಕ್ಕೆ ತೂಗಿ ಎರಡೂ ಕಾಲಲ್ಲಿ ಇಳಿಯುವುದು. ಬಲಗೈ ಮೇಲಿದ್ದರೆ ನೆಗೆಯುವುದು ಎಡಗಾಲಿಂದ. ನೆಗೆಯುವ ಹೊತ್ತಿಗೆ ಆ ಪಾದ ಮೇಲ್ಗೈಗೆ ನೇರ ಕೆಳಗಿರಬೇಕು. ಪಾದ ಇನ್ನೂ ಮುಂದೆ ಬಿದ್ದರೆ ಭುಜ ಜಗ್ಗುತ್ತದೆ, ಮಗು ಮಾರನೇ ದಿನ ಬರುವುದಿಲ್ಲ. ಬಿಸಿಲಿಗೆ ಬಿದಿರು ಒಡೆಯುವುದು ಬೇಗ, ಪ್ರತಿದಿನ ನೋಡಿ.

ಫೈಬರ್ ಪೋಲನ್ನೂ ಹೀಗೇ ಪ್ರತಿದಿನ ಪರೀಕ್ಷಿಸಿ, ಆದರೆ ಬರೀ ನೋಡಿದರೆ ಸಾಲದು. ಸ್ಪೈಕ್ ಗೀರಿದ, ಸಿಮೆಂಟ್ ಮೇಲೆ ಎಳೆದ ಗಾಯ ಕಣ್ಣಿಗೆ ಕಾಣದು. ಒಂದು ಹಿಡಿ ಹತ್ತಿಯಿಂದ ಪೋಲ್ ಉದ್ದಕ್ಕೂ ಒರೆಸಿ. ಎಳೆ ಸಿಕ್ಕಿಕೊಂಡ ಕಡೆ ಬೆರಳಿಟ್ಟು ನೋಡಿ. ಉಗುರಿಗೆ ತಡೆಯುವಷ್ಟು ಆಳವಿದ್ದರೆ ಆ ಪೋಲ್ ಪಕ್ಕಕ್ಕೆ. ಗೋಡೆಗೆ ಒರಗಿಸಿಡಬೇಡಿ. 20 ಅಡಿ ಉದ್ದ, 4 ಇಂಚಿನ ಪಿವಿಸಿ ಪೈಪ್ ಯಾವ ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬೇಕಾದಷ್ಟಕ್ಕೆ ಕತ್ತರಿಸಿ, ಒಂದೊಂದಕ್ಕೆ ಬಟ್ಟೆ ಸುತ್ತಿದ ಮೂರು ಪೋಲ್ ಹಾಕಿ ಮಲಗಿಸಿ. ಟಾಟಾ ಏಸ್‌ನ ತೊಟ್ಟಿ ಸುಮಾರು 7 ಅಡಿ, ಹೊರಗೆ ಚಾಚಿದ ಪೋಲ್‌ಗೆ ಹೆದ್ದಾರಿಯ ಕುಲುಕಾಟ ಒಳ್ಳೆಯದಲ್ಲ. ಮೇಲೆ ಕ್ಯಾರಿಯರ್ ಇರುವ ಗಾಡಿ ಹಿಡಿಯಿರಿ. ರೈಲಾದರೆ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಎರಡು ಜಿಲ್ಲೆಯವರೂ ಬೇರೆ ಬೇರೆ ಸೆಟ್ ಕೊಳ್ಳುವುದಾದರೆ ಪೋಲ್ ಮಾತ್ರ ಕೂಡಿ ಕೊಳ್ಳಲಿ. ದಾವಣಗೆರೆಯಿಂದ ದುರ್ಗಕ್ಕೆ ಒಂದು ಗಂಟೆ ಚಿಲ್ಲರೆ ದಾರಿ. ಚಿಕ್ಕ ಪೋಲ್‌ಗಳು ಎರಡೂ ಕಡೆ ಇರಲಿ, 12 ಅಡಿ ಮೇಲ್ಪಟ್ಟವು ಒಂದೇ ಪಟ್ಟಿಯಲ್ಲಿದ್ದು ಕೂಟಕ್ಕೆ ತಕ್ಕಂತೆ ಓಡಾಡಲಿ. ಯಾರು, ಯಾವ ಪೋಲ್, ಎಷ್ಟು ತೂಕಕ್ಕೆ, ವಾಪಸ್ ಬಂದಾಗ ಗೀರು ಇತ್ತಾ ಅನ್ನುವ ನೋಟ್‌ಬುಕ್ ದೈಹಿಕ ಶಿಕ್ಷಕರ ಬಳಿ ಇರಬೇಕು.

ಆರ್ಡರ್ ಕೊಡುವಾಗ ಪೂರೈಕೆದಾರರಿಗೆ ಹೀಗೆ ಬರೆದುಕೊಡಿ: 14 ಅಡಿಯ ಪೋಲ್ ಬೇಡ, ಅದೇ ಮೊತ್ತಕ್ಕೆ 10 ಅಡಿಯವು 110 ಮತ್ತು 130 ಪೌಂಡ್, ಎರಡನೇ ಕ್ರಾಸ್‌ಬಾರ್ ಬದಲು ಪಿಟ್‌ಗೆ ತಾಡಪಾಲು, ಬಾಕ್ಸಿನ ಕೋನ 105 ಡಿಗ್ರಿ ಅಂತ ಬಿಲ್ಲಿನಲ್ಲೇ ನಮೂದು. ಒಪ್ಪದಿದ್ದರೆ ಪಿಟ್ ಮತ್ತು ಸ್ಟ್ಯಾಂಡ್ ಮಾತ್ರ ಬಿಡಿಯಾಗಿ ದರ ಕೇಳಿ.